ತೂಗಿದ ಚಿನ್ನ, ತೂಗದ ದೂಳು

ಕೋಲಾರದ ಚಿನ್ನದ ಗಣಿಗಳ ಬಗ್ಗೆ ನಮಗೆ ಶಾಲೆಯಲ್ಲಿ ಕಲಿಸಿದ್ದು ಎರಡೇ ಮಾತು. ಒಂದು, ಅಲ್ಲಿ ಚಿನ್ನ ಸಿಗುತ್ತಿತ್ತು. ಎರಡು, 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು. ಅದನ್ನೇ ಪರೀಕ್ಷೆಯಲ್ಲಿ ಬರೆದೆವು, ಮಾರ್ಕ್ಸು ತಗೊಂಡೆವು, ಪಾಸಾದೆವು. ಆ ಚಿನ್ನವನ್ನು ಅಗೆದವರು ಯಾರು, ಅಗೆಸಿದವರು ಯಾರು, ಅಗೆದವರ ಎದೆಯೊಳಗೆ ಏನು ಉಳಿಯಿತು ಅನ್ನೋದು ಪುಸ್ತಕದಲ್ಲಿ ಇರಲಿಲ್ಲ. ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಮುಟ್ಟಿದ ತಲೆಮಾರಿನವರು ನಾವು. ನಮ್ಮ ಅಪ್ಪ ಅವ್ವಂದಿರ ಇತಿಹಾಸವನ್ನು ಯಾರೂ ನಮಗೆ ಪಾಠ ಮಾಡಲಿಲ್ಲ. ನಾವೇ ಹುಡುಕಿ ಓದಿಕೊಳ್ಳಬೇಕಾಯಿತು.

ಬಂಡವಾಳಗಾರರ ದುರಾಸೆ ಅಂದ ಕೂಡಲೇ ನಮಗೆ ನೆನಪಾಗುವುದು ಕಳ್ಳಲೆಕ್ಕ, ಲಂಚ, ದಿವಾಳಿ, ಓಡಿಹೋದ ಸಾಹುಕಾರ. ಪೇಪರಿನಲ್ಲಿ ಬರುವುದೂ ಅದೇ. ಆದರೆ ಕೋಲಾರವನ್ನು ಎಪ್ಪತ್ತೈದು ವರ್ಷ ಆಳಿದ ಕಂಪನಿ ಲೆಕ್ಕ ತಪ್ಪಿದ ಕಂಪನಿಯಲ್ಲ. ಒಂದು ಗುಂಜಿಯೂ ಆಚೀಚೆ ಆಗದಂತೆ ಲೆಕ್ಕ ಇಟ್ಟ ಕಂಪನಿ ಅದು. ಅದರ ಅನ್ಯಾಯ ಇರುವುದು ಲೆಕ್ಕ ತಪ್ಪಿದ್ದರಲ್ಲಿ ಅಲ್ಲ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಹಿಡಿಯಬಾರದು ಅಂತ ಅದು ತೀರ್ಮಾನ ಮಾಡಿದ್ದರಲ್ಲಿ. ಈ ಮಾತನ್ನು ಸಾಬೀತು ಮಾಡಲು ನಮಗೆ ಬೈಗುಳ ಬೇಕಿಲ್ಲ. ಇಸವಿಗಳೇ ಸಾಕು.

ಮೊದಲು ಒಂದು ಸುಳ್ಳನ್ನು ಒಡೆಯೋಣ. ಕೋಲಾರದ ಚಿನ್ನವನ್ನು ಇಂಗ್ಲಿಷರು ಕಂಡುಹಿಡಿದರು ಅಂತಾರೆ. ಟಿಪ್ಪು ಸತ್ತ ಮೂರು ವರ್ಷಕ್ಕೆ, 1802ರಲ್ಲಿ, ಈ ಸೀಮೆಯ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿ ಕಂಡದ್ದೇನು? ಮಣ್ಣನ್ನು ತೊಳೆದು ಚಿನ್ನದ ಕಣ ಬೇರೆ ಮಾಡುವ ಹಳ್ಳಿಯ ಹೆಂಗಸರನ್ನು. ಮಾರಿಕುಪ್ಪಂ ಹತ್ತಿರ ಬಾವಿಯಂಥ ಗುಂಡಿಗೆ ಇಳಿದು ಕಲ್ಲು ಒಡೆದು, ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ಹೊಲೆಯರನ್ನು. ಅವನ ವರದಿಯಲ್ಲಿ ಅವರನ್ನು ಪರಯರು ಎಂದು ಬರೆದಿದೆ. ಅಂದರೆ ಭೂಮಿಯ ಗುಟ್ಟು ಗೊತ್ತಿದ್ದದ್ದು ನಮ್ಮವರಿಗೆ. ಅದನ್ನು ಕಾಗದಕ್ಕೆ ಇಳಿಸಿದ್ದು ಅವರು. ಕಾಗದದ ಮೇಲೆ ಇಳಿದ ಗುಟ್ಟು ಕಾಗದ ಇದ್ದವನ ಆಸ್ತಿಯಾಯಿತು.

ಎಪ್ಪತ್ತು ವರ್ಷ ಕಳೆದ ಮೇಲೆ ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದು ಕೂತಿದ್ದ ಮೈಕೆಲ್ ಲ್ಯಾವೆಲ್ ಎಂಬ ಐರಿಷ್ ಸಿಪಾಯಿ ವಾರನ್ನನ ವರದಿ ಓದಿದ. 1873ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಅಗೆಯುವ ಹಕ್ಕು ಬರೆಸಿಕೊಂಡ. ಅಗೆಯುವಷ್ಟು ದುಡ್ಡು ಅವನಲ್ಲಿರಲಿಲ್ಲ. ಹಕ್ಕನ್ನು ಮದ್ರಾಸಿನ ಸೈನ್ಯಾಧಿಕಾರಿಗಳ ಗುಂಪೊಂದಕ್ಕೆ ದಾಟಿಸಿದ. ಬೆಂಗಳೂರಿನಲ್ಲಿ ಲ್ಯಾವೆಲ್ ರಸ್ತೆ ಇವತ್ತಿಗೂ ಇದೆ. ಮಾರಿಕುಪ್ಪಂ ಗುಂಡಿಗಿಳಿದ ಒಬ್ಬನ ಹೆಸರಾದರೂ ಯಾವ ಗಲ್ಲಿಗಾದರೂ ಇದೆಯೆ?

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು. ಮೊದಲು ಕೆಲವು ವರ್ಷ ಕೈಗೆ ಏನೂ ಹತ್ತಲಿಲ್ಲ. ಷೇರುದಾರರು ಕೈಬಿಡುವ ಹಂತಕ್ಕೆ ಬಂದರು. ಆಗ ಪ್ಲಮ್ಮರ್ ಎಂಬ ಗಣಿ ಕ್ಯಾಪ್ಟನ್ ಊರವರು ಹಿಂದೆ ತೋಡಿದ್ದ ಹಳೆಯ ಗುಂಡಿಗಳ ಜಾಡು ಹಿಡಿದು ಕೆಳಗಿಳಿದ. ಚಾಂಪಿಯನ್ ಎಂದು ಹೆಸರಾದ ದೊಡ್ಡ ಚಿನ್ನದ ಪದರ ಸಿಕ್ಕಿತು. ಅಂದರೆ ಕಂಪನಿ ಬದುಕಿದ್ದೇ ಹೆಸರಿಲ್ಲದವರ ಗುಂಡಿಗಳಿಂದ. ಆ ಮೊದಲ ದಿನಗಳಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಮಿಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಗಣಿಗಳು ಎದ್ದವು. ಮಾಲೀಕರು ಲಂಡನ್ನಿನಲ್ಲಿ, ಮ್ಯಾನೇಜರುಗಳು ಬಂಗಲೆಯಲ್ಲಿ, ನಮ್ಮವರು ಪಾತಾಳದಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಮೈಸೂರು ಸಂಸ್ಥಾನಕ್ಕೆ ಸಿಕ್ಕ ರಾಜಸ್ವ ತೆಗೆದ ಚಿನ್ನದ ನೂರಕ್ಕೆ ಐದು. 1910ರಲ್ಲಿ ಗುತ್ತಿಗೆ ಹೊಸದಾದ ಮೇಲೆ ಲಾಭದಲ್ಲೂ ಒಂದಿಷ್ಟು ಪಾಲು ಸೇರಿತು. ಆ ಐದಕ್ಕೆ ಪ್ರತಿಯಾಗಿ ಸಂಸ್ಥಾನ ಕೊಟ್ಟದ್ದೆಷ್ಟು ನೋಡಿ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ಗಣಿಗೆ ರೈಲು. 1902ರಲ್ಲಿ ಕಾವೇರಿಯ ಕರೆಂಟು, 92 ಮೈಲಿ ಉದ್ದದ ತಂತಿಯಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಆ ತಂತಿ ಯಾವ ಯಾವ ಹಳ್ಳಿಯ ತಲೆ ಮೇಲೆ ಹಾದುಹೋಯಿತೋ ಆ ಹಳ್ಳಿಗಳು ಆಮೇಲೂ ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಗಣಿಯ ಯಂತ್ರ ನಿಲ್ಲುತ್ತದಲ್ಲ? 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಗೆ ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು, ಗಣಿಗಳಿಗೆ ವರ್ಷಪೂರ್ತಿ ಕರೆಂಟು ಒದಗಿಸುವುದು. ಬರದ ನಾಡು ಕೋಲಾರದಲ್ಲಿ ಪಾಲಾರ್ ನದಿಯ ಬೇತಮಂಗಲದ ಕೆರೆ ನೀರು ಗಣಿಯ ಕಡೆ ಹರಿಯಿತು. ರೈಲು, ನೀರು, ಬೆಳಕು, ಅಣೆಕಟ್ಟು! ಇದನ್ನು ನಮ್ಮ ಪುಸ್ತಕಗಳು ಪ್ರಗತಿ ಎಂದು ಕರೆದವು. ನಾವು ಕರೆಂಟಿನ ವೈರಿಗಳಲ್ಲ. ಮೊದಲ ದೀಪ ಯಾರ ಮನೆಗೆ ಅಂತ ಕೇಳುವವರು.

ಇಷ್ಟಾದ ಮೇಲೂ ಕಂಪನಿಗೆ ಒಂದು ಭಯವಿತ್ತು. ಕೂಲಿಯವನು ಚಿನ್ನ ಕದ್ದಾನು! 1897ರ ಮೈಸೂರು ಗಣಿ ಕಾನೂನು ಆ ಭಯಕ್ಕೆ ಹುಟ್ಟಿದ ಮಗು. ಕೂಲಿಯವನ ಹತ್ತಿರ ಅದಿರಿನ ಚೂರು ಸಿಕ್ಕರೆ ಅದು ತನ್ನ ಕೈಗೆ ಹೇಗೆ ಬಂತೆಂದು ಅವನೇ ಹೇಳಬೇಕು. ಹೇಳಲಾರದವನು ಕಳ್ಳ. ಪಾಳಿ ಮುಗಿಸಿ ಮೇಲೆ ಬಂದವನ ಬಟ್ಟೆ ಬಿಚ್ಚಿಸಿ ಮೈ ತಡಕುತ್ತಿದ್ದರು. ಎಂಟು ಗಂಟೆ ಕತ್ತಲಲ್ಲಿ ಬೆಂದು ಬಂದವನು ಬೆಳಕು ಕಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸ ತಾನು ಕಳ್ಳನಲ್ಲ ಅಂತ ತೋರಿಸುವುದು. ಭೂಮಿಯ ಹೊಟ್ಟೆ ಬಗೆದು ಹಡಗು ಹತ್ತಿಸಿದವನು ಕಳ್ಳನಲ್ಲ. ಅವನು ಉದ್ಯಮಿ. ಉಗುರಿನಲ್ಲಿ ಮಣ್ಣು ಸಿಕ್ಕಿಸಿಕೊಂಡವನು ಕಳ್ಳ!

ಹಾಗೆ ತಡಕಿಸಿಕೊಂಡವರು ಯಾರು? ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಬಂದವರು. ಹೆಚ್ಚಿನವರು ಆದಿದ್ರಾವಿಡರು, ಅಂದರೆ ನಮ್ಮ ಕೇರಿಯವರೇ. ಊರಿನಲ್ಲಿ ಗೌಡರ ಜೀತ, ಬರ, ಹಸಿವು. ಗಣಿಗೆ ಬಂದರೆ ಕೈಗೆ ಕಾಸು ಸಿಗುತ್ತದೆ, ಅಡ್ಡ ಬಿದ್ದು ನಡೆಯುವುದು ತಪ್ಪುತ್ತದೆ ಅಂತ ಮೇಸ್ತ್ರಿಯ ಮುಂಗಡ ತಗೊಂಡು ಬಂದರು. ಈ ಮಾತನ್ನು ನಾವು ಮುಚ್ಚಿಡಬಾರದು. ಊರಿನ ಜಾತಿ ಅಷ್ಟು ಕ್ರೂರವಾಗಿದ್ದದ್ದರಿಂದಲೇ ಪಾತಾಳವೂ ಅವರಿಗೆ ಬಿಡುಗಡೆಯಂತೆ ಕಂಡಿತು. ಕಂಪನಿಗೆ ಇದು ಚೆನ್ನಾಗಿ ಅನುಕೂಲವಾಯಿತು. ಮನುಷ್ಯನನ್ನು ಅಗ್ಗ ಮಾಡುವ ಕೆಲಸವನ್ನು ಊರು ಸಾವಿರಾರು ವರ್ಷದಿಂದ ಮಾಡಿ ಇಟ್ಟಿತ್ತು. ಕಂಪನಿ ಆ ಅಗ್ಗದ ಬೆಲೆಗೆ ಕೊಂಡುಕೊಂಡಿತು ಅಷ್ಟೆ. ಮನುವಿಗೂ ಮ್ಯಾನೇಜರಿಗೂ ನಡುವೆ ಯಾವ ಕರಾರುಪತ್ರವೂ ಬೇಕಾಗಲಿಲ್ಲ.

ಅವರಿಗೆ ಕೊಟ್ಟ ಮನೆ ಬಿದಿರು ತಟ್ಟಿಯ ಸಾಲು ಗುಡಿಸಲು. ಮಗ್ಗುಲಲ್ಲೇ ಸಾಹೇಬರ ಕ್ಲಬ್ಬು, ಗಾಲ್ಫ್ ಮೈದಾನ. ಆ ಊರನ್ನು ಪುಟ್ಟ ಇಂಗ್ಲೆಂಡ್ ಅಂತ ಈಗಲೂ ಹೊಗಳುತ್ತಾರೆ. ಪ್ರವಾಸಿಗಳು ಬಂಗಲೆಯ ಚಿತ್ರ ತೆಗೆದುಕೊಳ್ಳುತ್ತಾರೆ. ತಟ್ಟಿ ಮನೆಯ ಚಿತ್ರ ಯಾರಿಗೆ ಬೇಕು?

ಈಗ ದೂಳಿನ ಲೆಕ್ಕ. ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರದಲ್ಲಿ. ಗಾಳಿಯಂತ್ರದ ಉಳಿ ಕಲ್ಲು ಕೊರೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ದೂಳು ಏಳುತ್ತದೆ. ಅದು ಉಸಿರಿನ ಜೊತೆ ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರುವುದಿಲ್ಲ. ವರ್ಷ ವರ್ಷಕ್ಕೆ ಶ್ವಾಸಕೋಶ ಗಾಯಗೊಂಡು ಗಟ್ಟಿಯಾಗುತ್ತಾ ಹೋಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮೇಲೆ ಕ್ಷಯ ಬಂದು ಕೂರುತ್ತದೆ. ಇದಕ್ಕೆ ಸಿಲಿಕೋಸಿಸ್ ಅಂತ ಹೆಸರು. ಬಂದ ಮೇಲೆ ವಾಸಿ ಮಾಡುವ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಬಾರದಂತೆ ತಡೆಯಬಹುದು. ಕೊರೆಯುವಾಗ ನೀರು ಹಾಯಿಸಬೇಕು, ಒಳಕ್ಕೆ ಗಾಳಿ ಆಡಿಸಬೇಕು, ಆಗಾಗ ಎದೆಯ ಎಕ್ಸ್‌ರೇ ನೋಡಬೇಕು. ಎಲ್ಲಕ್ಕೂ ಖರ್ಚು ಬೀಳುತ್ತದೆ.

ಮಾಲೀಕರಿಗೆ ಇದು ಗೊತ್ತಿರಲಿಲ್ಲ ಅನ್ನುವಂತಿಲ್ಲ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಇದೇ ರೋಗಕ್ಕೆ ಪರಿಹಾರ ಕೊಡಬೇಕೆಂದು 1911ರಲ್ಲೇ ಕಾನೂನು ಬಂದಿತ್ತು. ಅಲ್ಲೂ ಬಿಳಿಯನ ಎದೆಗೆ ಒಂದು ಬೆಲೆ, ಕರಿಯನ ಎದೆಗೆ ಇನ್ನೊಂದು ಬೆಲೆ, ಆ ಮಾತು ಬೇರೆ. ಆದರೆ ರೋಗ ಇದೆ ಅಂತ ಜಗತ್ತಿಗೆ ಗೊತ್ತಿತ್ತು. ಲಂಡನ್ನಿನಲ್ಲಿ ಕೂತು ಗಣಿ ನಡೆಸುವವರಿಗೆ ಇನ್ನೊಂದು ಖಂಡದ ಚಿನ್ನದ ಗಣಿಯಲ್ಲಿ ಏನಾಗುತ್ತಿದೆ ಅಂತ ತಿಳಿಯದೇ ಇದ್ದೀತೇ? ಷೇರಿನ ಬೆಲೆ ತಿಳಿಯುವ ದಾರಿಯಲ್ಲೇ ಇದೂ ತಿಳಿಯುತ್ತದೆ.

1930ನೇ ಇಸವಿಯನ್ನು ನಾವೆಲ್ಲ ನೆನಪಿಟ್ಟುಕೊಳ್ಳಬೇಕು. ಆ ವರ್ಷ ಕೋಲಾರದ ಕಂಪನಿ ಕೂಲಿಗಳೆಲ್ಲ ಬೆರಳಚ್ಚು ಒತ್ತಿ ಹೆಸರು ನೋಂದಾಯಿಸಬೇಕು ಅಂತ ಹುಕುಂ ಮಾಡಿತು. ಬೆರಳಚ್ಚು ಒತ್ತುವುದು ಜೈಲಿನಲ್ಲಿ, ಕಳ್ಳರಿಗೆ. ಸಾವಿರಾರು ಕೂಲಿಗಳು ಒಲ್ಲೆವು ಅಂದರು. ಸಂಘವಿಲ್ಲ, ಕಚೇರಿಯಿಲ್ಲ, ರಸೀದಿ ಪುಸ್ತಕವಿಲ್ಲ. ಆದರೂ ಸುಮಾರು ಮೂರು ವಾರ ಗಣಿಗಳ ಕೆಲಸ ನಿಂತಿತು. ಅದೇ 1930ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸಿಲಿಕೋಸಿಸ್ ಬಗ್ಗೆಯೇ ಸಮ್ಮೇಳನ ನಡೆಸಿತು. ಲೋಕದ ವೈದ್ಯರು ಗಣಿ ಕಾರ್ಮಿಕನ ಎದೆ ನೋಡುತ್ತಿದ್ದ ವರ್ಷದಲ್ಲಿ ಕೋಲಾರದ ಕಂಪನಿ ಅವನ ಹೆಬ್ಬೆಟ್ಟು ನೋಡುತ್ತಿತ್ತು! ಇದಕ್ಕಿಂತ ಬೇರೆ ಸಾಕ್ಷಿ ಯಾಕೆ ಬೇಕು?

ಮೈಸೂರಿನಲ್ಲಿ ಸಿಲಿಕೋಸಿಸ್‌ಗೆ ನಿಯಮ ಬಂದದ್ದು 1940ರಲ್ಲಿ. ದಕ್ಷಿಣ ಆಫ್ರಿಕದ ಕಾನೂನಿಗೆ ಇಪ್ಪತ್ತೊಂಬತ್ತು ವರ್ಷ ತಡವಾಗಿ. 1940ರಿಂದ 1946ರವರೆಗೆ ವೈದ್ಯರು 7,653 ಕಾರ್ಮಿಕರನ್ನು ಪರೀಕ್ಷಿಸಿದರು. ಅವರಲ್ಲಿ 3,402 ಜನರಿಗೆ ಸಿಲಿಕೋಸಿಸ್ ಇತ್ತು. ನೂರರಲ್ಲಿ ನಲವತ್ತಕ್ಕೂ ಹೆಚ್ಚು ಜನ! ಇದು ಒಂದು ದಿನದಲ್ಲಿ ಬರುವ ರೋಗವಲ್ಲ, ವರ್ಷಗಟ್ಟಲೆ ಕೂಡಿದ ದೂಳು. ಹಾಗಾದರೆ 1940ಕ್ಕೂ ಹಿಂದಿನ ಅರವತ್ತು ವರ್ಷಗಳಲ್ಲಿ ಎಷ್ಟು ಜನ? ಕೆಮ್ಮಿ ಕೆಮ್ಮಿ ಕೈಲಾಗದೆ ಊರಿಗೆ ಮರಳಿದವನ ಸಾವು ಕಂಪನಿಯ ಪುಸ್ತಕಕ್ಕೆ ಏರುವುದಿಲ್ಲ. ಅದು ಊರಾಚೆ ಕೇರಿಯ ಸ್ಮಶಾನಕ್ಕೆ ಸೇರುತ್ತದೆ. ಪ್ರತಿ ಔನ್ಸ್ ಚಿನ್ನದ ಲೆಕ್ಕ ಲಂಡನ್ನಿಗೆ ಹೋಯಿತು. ಈ ಹೆಣಗಳ ಲೆಕ್ಕ ಎಲ್ಲಿಗೂ ಹೋಗಲಿಲ್ಲ.

ದೂಳು ಒಂದೇ ಅಲ್ಲ. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಬಂಡೆಯ ಶಾಖ 60 ಡಿಗ್ರಿ ದಾಟುತ್ತದೆ. ಮೇಲಿನ ಬೆಟ್ಟದಂಥ ಭಾರಕ್ಕೆ ಸುತ್ತಲ ಕಲ್ಲು ಸಿಡಿದು ಬೀಳುತ್ತದೆ. ಆಳಕ್ಕೆ ಹೋದಷ್ಟೂ ಅಪಾಯ ಹೆಚ್ಚು, ಚಿನ್ನ ಕಡಿಮೆ. ಆಳಕ್ಕೆ ಹೋಗಬೇಕೋ ಬೇಡವೋ ಅಂತ ತೀರ್ಮಾನಿಸುವವರು ಒಂದು ಕಡೆ, ಹೋಗುವವರು ಇನ್ನೊಂದು ಕಡೆ. ಇದೇ ದೊಡ್ಡ ಬಂಡವಾಳದ ನಾಯಕತ್ವದ ಗುಟ್ಟು. ಈಚೆಗೆ, 2018ರಲ್ಲಿ, ಕೆ.ಜಿ.ಎಫ್. ಹೆಸರಿನ ಸಿನಿಮಾ ಬಂತು. ಅಲ್ಲಿ ಖಳನಿದ್ದಾನೆ, ಚಾಟಿ ಬೀಸುತ್ತಾನೆ, ನಾಯಕ ಬಂದು ಅವನನ್ನು ಕೊಲ್ಲುತ್ತಾನೆ, ಜನ ಶಿಳ್ಳೆ ಹೊಡೆಯುತ್ತಾರೆ. ನಿಜವಾದ ಕೋಲಾರದಲ್ಲಿ ಹಾಗೆ ಕೊಲ್ಲಲು ಯಾರೂ ಸಿಗುತ್ತಿರಲಿಲ್ಲ. ಲಂಡನ್ನಿನ ಮೇಜಿನ ಸುತ್ತ ಕೂತವರು ಒಳ್ಳೆಯ ಗಂಡಂದಿರು, ಒಳ್ಳೆಯ ತಂದೆಯರು, ಭಾನುವಾರ ಚರ್ಚಿಗೆ ಹೋಗುವವರು ಇದ್ದಿರಬಹುದು. ಅವರು ಚಾಟಿ ಮುಟ್ಟಬೇಕಾಗಿರಲಿಲ್ಲ. ವರ್ಷದ ಲಾಭ ಎಷ್ಟು ಅಂತ ಕೇಳಿದರೆ ಸಾಕಿತ್ತು. ಆ ಒಂದು ಪ್ರಶ್ನೆ ಮ್ಯಾನೇಜರಿಗೆ ಇಳಿದು, ಕ್ಯಾಪ್ಟನ್ನಿಗೆ ಇಳಿದು, ಮೇಸ್ತ್ರಿಗೆ ಇಳಿದು, ಕೊನೆಗೆ ಕೊರೆಯುವವನ ಎದೆಗೆ ಇಳಿಯುತ್ತಿತ್ತು.

ನಮ್ಮವರು ಸುಮ್ಮನೆ ಕೂತಿರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಎದ್ದಿತ್ತು. ಬಾಬಾಸಾಹೇಬರು ನಾಗಪುರದಲ್ಲಿ ಬುದ್ಧನಿಗೆ ಶರಣಾಗುವ ಎಷ್ಟೋ ದಶಕ ಮುಂಚೆ ಈ ಗಣಿಯ ಕೂಲಿಗಳು ಬುದ್ಧನ ಹೆಸರು ಹೇಳಿ ಜಾತಿಗೆ ಬೆನ್ನು ತಿರುಗಿಸಿದ್ದರು. 1914ರಲ್ಲಿ ಅಯೋತಿ ದಾಸರು ತೀರಿಕೊಂಡ ಮೇಲೆ ಅವರ ‘ತಮಿಳನ್’ ಪತ್ರಿಕೆ ಮುಂದೆ ಕೆಲಕಾಲ ಗಣಿಯೂರಿನಿಂದಲೇ ಹೊರಟಿತು. ಬ್ರಿಟಿಷ್ ಇಂಡಿಯಾದಲ್ಲಿ 1926ರಲ್ಲೇ ಬಂದ ಕಾರ್ಮಿಕ ಸಂಘದ ಹಕ್ಕು ಮೈಸೂರಿಗೆ ಬಂದದ್ದು 1941ರಲ್ಲಿ. ಆಮೇಲೆ ಕೆಂಪು ಬಾವುಟ ಹಾರಿತು. 1946ರ ನವೆಂಬರ್ 4ರಂದು ಪೊಲೀಸರ ಕೈಗೆ ಸಿಕ್ಕು ಆರು ಮಂದಿ ಕಾರ್ಮಿಕರು ಸತ್ತರು. ಇನ್ನು ಒಂಬತ್ತು ತಿಂಗಳಿಗೆ ಸ್ವಾತಂತ್ರ್ಯ ಬರುವುದಿತ್ತು. ಕನ್ನಡದ ಎಷ್ಟು ಇತಿಹಾಸ ಪುಸ್ತಕಗಳಲ್ಲಿ ಈ ಆರು ಮಂದಿ ಇದ್ದಾರೆ? ವಿದುರಾಶ್ವತ್ಥ ಇದೆ, ಈಸೂರು ಇದೆ, ಇರಬೇಕಾದ್ದೇ. ಇವರು ಮಾತ್ರ ಯಾಕಿಲ್ಲ? ಅವರು ತಮಿಳು ಮಾತಾಡುತ್ತಿದ್ದರು ಅಂತಲೋ? ಅವರು ಕೇರಿಯವರು ಅಂತಲೋ? ಕನ್ನಡದ ನೆಲದೊಳಗೆ ಮೂರು ಕಿಲೋಮೀಟರು ಇಳಿದವರಿಗಿಂತ ಈ ನೆಲದ ಮಕ್ಕಳು ಬೇರೆ ಯಾರಿದ್ದಾರೆ?

1956ರ ಕೊನೆಗೆ ಸರ್ಕಾರ ಗಣಿಗಳನ್ನು ವಶಕ್ಕೆ ತಗೊಂಡಿತು. 1962ರಲ್ಲಿ ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಹೊತ್ತಿಗಾಗಲೇ ಕೊಬ್ಬಿದ ಅದಿರನ್ನೆಲ್ಲ ಕಂಪನಿ ತಿಂದು ಮುಗಿಸಿತ್ತು. ಕೊನೆಕೊನೆಗೆ ಟನ್ನಿಗೆ ನಾಲ್ಕು ಗ್ರಾಮೂ ಸಿಗುತ್ತಿರಲಿಲ್ಲ. ಬಾವುಟ ಬದಲಾದರೂ ಲೆಕ್ಕದ ಪುಸ್ತಕ ಬದಲಾಗಲಿಲ್ಲ. ಚಿನ್ನ ಎಷ್ಟು, ಖರ್ಚೆಷ್ಟು, ನಷ್ಟವೆಷ್ಟು? ಇದೇ ಮೂರು ಕಲಮು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಊರು ನಷ್ಟದ ಊರು ಅನ್ನಿಸಿಕೊಂಡಿತು. ಬಾಕಿಗಾಗಿ ಕೆಲಸಗಾರರು ವರ್ಷಗಟ್ಟಲೆ ಕೋರ್ಟು ಅಲೆದರು. ಅವರ ಮಕ್ಕಳು ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೊರಟರು. 2011ರಲ್ಲಿ ಇದೇ ಚಾಂಪಿಯನ್ ರೀಫಿನಲ್ಲಿ ಮಲದ ಗುಂಡಿಗಿಳಿದು ಮೂವರು ಸತ್ತರು. ಚಿನ್ನದ ಗುಂಡಿ ಮುಚ್ಚಿದ ಮೇಲೂ ನಮ್ಮವರಿಗೆ ಗುಂಡಿ ತಪ್ಪಲಿಲ್ಲ.

ಗಣಿ ಬಿಟ್ಟುಹೋದದ್ದು ಇನ್ನೊಂದಿದೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು, ಹದಿಮೂರು. ಸುಮಾರು 3.3 ಕೋಟಿ ಟನ್. ಊರವರು ಸಯನೈಡ್ ಗುಡ್ಡ ಅಂತಾರೆ. ಗಾಳಿಕಾಲದಲ್ಲಿ ಅವು ಎದ್ದು ಮನೆಯೊಳಕ್ಕೆ ಬರುತ್ತವೆ, ಅನ್ನದ ತಟ್ಟೆಗೆ ಬೀಳುತ್ತವೆ. ಗಣಿಗೆ ಇಳಿಯದ ಹೆಂಗಸರು ಮಕ್ಕಳೂ ಆ ಪುಡಿಯನ್ನೇ ಉಸಿರಾಡಿದರು. ಇಷ್ಟು ವರ್ಷ ಅದನ್ನು ಯಾರೂ ಕೇಳಲಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸಾವಿರ ಎಕರೆಗೂ ಹೆಚ್ಚು ಜಾಗದ ಈ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಯಾಕೆ ಗೊತ್ತೆ? ಚಿನ್ನದ ಬೆಲೆ ಏರಿದೆ, ಪುಡಿಯಲ್ಲಿ ಇನ್ನೂ ಚೂರು ಚಿನ್ನವಿದೆ. ಈಗ ದೂಳಿಗೂ ತಕ್ಕಡಿ ಬಂತು!

ಗೆಳೆಯರೆ, ನಮ್ಮ ಇತಿಹಾಸ ಇಲ್ಲಿಗೆ ಬಂದು ನಿಂತಿದೆ. ಆ ಗುಡ್ಡಗಳಿಗೆ ಮತ್ತೆ ಸಲಿಕೆ ಬಿದ್ದರೆ ದೂಳು ಮತ್ತೆ ಏಳುತ್ತದೆ. ಅದಕ್ಕೆ ಮೊದಲು ನಾವು ಕೇಳಬೇಕಾದ್ದು ದಾನವಲ್ಲ, ಲೆಕ್ಕ. ಗಣಿಯಲ್ಲಿ ದುಡಿದ ಬದುಕಿರುವ ಪ್ರತಿಯೊಬ್ಬರ ಎದೆಯ ಪರೀಕ್ಷೆ ಆಗಲಿ. ಗುಡ್ಡದ ಸುತ್ತ ಇರುವ ಮಕ್ಕಳ ಪರೀಕ್ಷೆ ಆಗಲಿ. ಆ ಲೆಕ್ಕ ಚಿನ್ನದ ಲೆಕ್ಕದ ಪಕ್ಕದಲ್ಲೇ, ಅದೇ ಪುಸ್ತಕದಲ್ಲಿ, ಜನ ಓದುವ ಭಾಷೆಯಲ್ಲಿ ಇರಲಿ. ಬರುವ ಆದಾಯದಲ್ಲಿ ಆ ಊರಿಗೆ ಎಷ್ಟು ಪಾಲು ಅಂತ ಮೊದಲೇ ಬರೆದಿಡಲಿ. ಲಾಭ ಬಂದ ಮೇಲೆ ನೋಡೋಣ ಅನ್ನುವ ಮಾತನ್ನು ನಮ್ಮವರು 1880ರಿಂದ ಕೇಳಿದ್ದಾರೆ.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ. ಇನ್ನು ಮೇಲೆ 1902ರ ಕರೆಂಟಿನ ಪಾಠ ಮಾಡುವಾಗ ಬೋರ್ಡಿನ ಮೇಲೆ ಇನ್ನೂ ಎರಡು ಸಂಖ್ಯೆ ಬರೆಯಿರಿ. 7,653 ಮತ್ತು 3,402. ಮಕ್ಕಳು ಇದೇನು ಸಾರ್ ಅಂತ ಕೇಳುತ್ತಾರೆ. ಹೇಳಿ.